ನೆಲ ಬಿಡದ ವಿಮಾನಗಳು

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಗಿಲಾದ ಉದ್ದದ ಒಂದು ಕಲ್ಲು ಇರುವುದನ್ನು ಆ ಊರಿನವರೆಲ್ಲರೂ ಬಲ್ಲರು. ಅದರ ಮೇಲೆ ಕಾಕತೀಯರ ಕಾಲದ, ಕ್ರಿ. ಶ. 1294ನೆಯ ಇಸವಿಯ ಶಾಸನವಿದೆ. ಶಾಸನವನ್ನು ಓದಲಾರದವರು ಕೂಡ ಅಲ್ಲಿ ಒಂದು ಗಳಿಗೆ ನಿಲ್ಲುವುದುಂಟು. ಏಕೆಂದರೆ ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಪಶುಗಳ ಸಾಲನ್ನು ಹೂಡಿ ಎಳೆತಂದ ಬಗೆಯನ್ನು ಅಲ್ಲಿಯೇ ಗೆರೆಗಳಲ್ಲಿ ಕೊರೆದು ತೋರಿಸಿದೆ. ಆ ಚಿತ್ರಕ್ಕೆ ಬಣ್ಣವಿಲ್ಲ, ನೆರಳಿಲ್ಲ, ಅಲಂಕಾರವೂ ಇಲ್ಲ. ಆದರೂ ಕೆಲಸದ ಭಾರವು ನೋಡುವವನ ಹೆಗಲಿಗೆ ತಗಲುತ್ತದೆ. ಕಣ್ಣಾರೆ ಕಾಣದ ಕಾರ್ಯವನ್ನು ಕೆಲವೇ ಗೆರೆಗಳಿಂದ ಮನಸ್ಸಿಗೆ ತಂದುಕೊಡುವ ವಿದ್ಯೆ ಹೀಗೆ ಬಹು ಹಳೆಯದು. ಈ ಲೇಖನದ ವಿಷಯವೂ ಅಂಥ ಗೆರೆಗಳೇ. ಆದರೆ ಇವು ಗಾಜಿನ ಪರದೆಯ ಮೇಲಣವು. ನಿಂತಲ್ಲಿ ನಿಲ್ಲದೆ, ನೋಡುವವನ ಬೆರಳಿನ ಅಪ್ಪಣೆಗೆ ತಕ್ಕಂತೆ ಚಲಿಸತಕ್ಕವು.

1980ನೆಯ ಇಸವಿಯ ಸುಮಾರಿಗೆ ಅಮೆರಿಕದ ಇಲಿನಾಯ್ ಸಂಸ್ಥಾನದ ಶ್ಯಾಂಪೇನ್ ಪಟ್ಟಣದಿಂದ ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಒಂದು ಪ್ರೋಗ್ರಾಮು ಹೊರಬಂದಿತು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಚಿಕ್ಕ ಕಂಪ್ಯೂಟರುಗಳು ಆ ದೇಶದ ಅಂಗಡಿಗಳಿಗೆ ಬಂದು ಆಗ ಎರಡು ಮೂರು ವರ್ಷಗಳಾಗಿದ್ದವು. ಅವುಗಳಲ್ಲಿ ‘ಆಪಲ್ 2’ ಮತ್ತು ‘ಟಿ. ಆರ್. ಎಸ್. 80’ ಎಂಬ ಎರಡು ಬಗೆಯ ಯಂತ್ರಗಳ ಮೇಲೆ ಇದು ನಡೆಯುತ್ತಿತ್ತು. ಸಿಮ್ಯುಲೇಟರ್ ಎಂದರೆ ಅನುಕರಿಸತಕ್ಕದ್ದು ಎಂದರ್ಥ. ವಿಮಾನವಿಲ್ಲದೆಯೇ ವಿಮಾನದ ನಡೆಯನ್ನು ತೋರುವುದು ಇದರ ಕೆಲಸವಾದ್ದರಿಂದ ಕನ್ನಡದಲ್ಲಿ ಅನುಕರಣವಿಮಾನವೆಂದು ಕರೆದರೆ ತಪ್ಪಾಗಲಾರದು. ಪರದೆಯ ಮೇಲ್ಭಾಗದಲ್ಲಿ ಚಾಲಕನ ಕಿಟಕಿಯಿಂದ ಕಾಣತಕ್ಕ ನೋಟ. ಕೆಳಭಾಗದಲ್ಲಿ ವೇಗ, ಎತ್ತರ, ದಿಕ್ಕು ಮೊದಲಾದವನ್ನು ತಿಳಿಸುವ ಮಾಪಕಗಳು. ನೋಟವೆಂದರೂ ಎಂಥದು! ದಿಗಂತಕ್ಕೆ ಒಂದು ಗೆರೆ, ನೆಲಕ್ಕೆ ಚೌಕುಳಿಯಾಗಿ ಎಳೆದ ಕೆಲವು ಗೆರೆಗಳು, ಬೆಟ್ಟಕ್ಕೆ ಮೂರು ನಾಲ್ಕು ಓರೆ ಗೆರೆಗಳು. ಆರಕ್ಕೆ ಆರರಂತೆ ಮೂವತ್ತಾರು ಚೌಕಗಳಲ್ಲಿ ಅದರ ಭೂಮಂಡಲವೆಲ್ಲ ಮುಗಿಯುತ್ತಿತ್ತು. ಮರವಿಲ್ಲ, ಮನೆಯಿಲ್ಲ, ಮನುಷ್ಯನಿಲ್ಲ. ಮೊದಲ ಮಹಾಯುದ್ಧದ ಕಾಳಗದ ಒಂದು ಪ್ರಕರಣವನ್ನು ಅದರೊಡನೆ ಸೇರಿಸಿದ್ದರೂ, ಸಾಮಾನ್ಯ ಹಾರಾಟದಲ್ಲಿ ವೈರಿಯೂ ಇರಲಿಲ್ಲ, ಗೆಲವೂ ಇರಲಿಲ್ಲ. ನೆಲ ಬಿಟ್ಟು ಏರಿ, ನೆಟ್ಟಗೆ ಹಾರಿ, ಮುರಿಯದೆ ಇಳಿದರೆ ಅದೇ ಫಲ. ಇಂಥ ನೀರಸವಾದ ವಸ್ತುವು ಜನಪ್ರಿಯವಾಗಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಪರಂಪರೆಯಾಗಿ ನಡೆದು ಬಂದುದು ಹೇಗೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇದನ್ನು ರಚಿಸಿದವನು ಬ್ರೂಸ್ ಆರ್ಟ್ವಿಕ್. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಶಾಸ್ತ್ರವನ್ನು ಓದುತ್ತಿದ್ದ ಈತನು ಸ್ವತಃ ವಿಮಾನ ನಡೆಸುವುದನ್ನು ಕಲಿತವನು. 1975ನೆಯ ಇಸವಿಯಲ್ಲಿ ಪದವಿಗಾಗಿ ಬರೆದ ಪ್ರಬಂಧದಲ್ಲಿ, ಚಲಿಸುವ ವಿಮಾನದಿಂದ ಕಾಣುವ ದೃಶ್ಯವನ್ನು ಕಂಪ್ಯೂಟರಿನಿಂದ ಆಗಿಂದಾಗ್ಗೆ ಬರೆಯಿಸುವುದು ಹೇಗೆಂಬುದನ್ನು ಆತನು ನಿರೂಪಿಸಿದನು. ಎರಡು ವರ್ಷಗಳ ಬಳಿಕ ಕಂಪ್ಯೂಟರ್ ಹವ್ಯಾಸಿಗಳ ಪತ್ರಿಕೆಯಲ್ಲಿ ಘನಾಕೃತಿಗಳ ಚಿತ್ರಣವನ್ನು ಕುರಿತು ಆತನ ಲೇಖನಗಳು ಬಂದವು. ಓದಿದವರು ಆ ಪ್ರೋಗ್ರಾಮು ಕ್ರಯಕ್ಕೆ ದೊರೆಯುವುದೇ ಎಂದು ಕೇಳತೊಡಗಿದರು. ಅದರಿಂದ 1977ರಲ್ಲಿ ‘ಸಬ್‌ಲಾಜಿಕ್’ ಎಂಬ ಸಂಸ್ಥೆ ಹುಟ್ಟಿತು. ಪರೀಕ್ಷೆಗೆಂದು ಬರೆದ ಪ್ರಬಂಧವು ಕಪಾಟಿನಲ್ಲಿ ಧೂಳು ಹಿಡಿಯುವುದೇ ಲೋಕರೂಢಿ; ಈ ಒಂದು ಪ್ರಬಂಧಕ್ಕೆ ಆ ಗತಿ ಬರಲಿಲ್ಲ.

ಇದರ ಗಣಿತವನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋದರೆ ಕೆಲಸದ ಹಿರಿಮೆ ತಿಳಿಯದು. ನೆಲದ ಮೇಲಿನ ಪ್ರತಿಯೊಂದು ಬಿಂದುವೂ ಕಂಪ್ಯೂಟರಿಗೆ ಮೂರು ಸಂಖ್ಯೆಗಳು: ಪೂರ್ವಕ್ಕೆ ಎಷ್ಟು ದೂರ, ಉತ್ತರಕ್ಕೆ ಎಷ್ಟು ದೂರ, ಎತ್ತರವೆಷ್ಟು. ವಿಮಾನವು ದಿಕ್ಕು ಬದಲಿಸಿದರೆ, ಒಂದು ಪಕ್ಕಕ್ಕೆ ವಾಲಿದರೆ, ಮೂಗನ್ನು ಎತ್ತಿದರೆ ಅಥವಾ ಇಳಿಸಿದರೆ ಆ ಸಂಖ್ಯೆಗಳನ್ನೆಲ್ಲ ಭುಜಜ್ಯಾ ಕೋಟಿಜ್ಯಾಗಳಿಂದ ಗುಣಿಸಿ ತಿರುಗಿಸಬೇಕು. ಬಳಿಕ ಬಿಂದುವಿನ ದೂರದಿಂದ ಭಾಗಿಸಿದರೆ ಪರದೆಯ ಮೇಲೆ ಅದರ ಸ್ಥಾನ ಸಿಕ್ಕುತ್ತದೆ. ದೂರದ ವಸ್ತುವು ಚಿಕ್ಕದಾಗಿ ತೋರುವುದಕ್ಕೆ ಸದೃಶ ತ್ರಿಭುಜಗಳ ನ್ಯಾಯವೇ ಕಾರಣವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಆದರೆ ಆಪಲ್ ಯಂತ್ರದ 6502 ಎಂಬ ಗಣನಾಂಗಕ್ಕೆ ಗುಣಾಕಾರವೇ ಬಾರದು! ಕೂಡುವುದು, ಕಳೆಯುವುದು, ಅಂಕಿಗಳನ್ನು ಪಕ್ಕಕ್ಕೆ ಸರಿಸುವುದು, ಅದರ ಅಂಕಗಣಿತವೆಲ್ಲ ಇಷ್ಟೇ. ಗುಣಿಸುವುದನ್ನೂ ಭಾಗಿಸುವುದನ್ನೂ ಇವುಗಳಿಂದಲೇ ಕಟ್ಟಿಕೊಳ್ಳಬೇಕು. ನೆನಪಿನ ಸ್ಥಳವೋ ಹದಿನಾರು ಕಿಲೋಬೈಟು, ಎಂದರೆ ಈ ಪತ್ರಿಕೆಯ ಕೆಲವು ಪುಟಗಳ ಅಕ್ಷರಗಳಿಗೆ ಸಾಲುವಷ್ಟು. ಇಂಥ ಚಿಕ್ಕ ಯಂತ್ರಗಳಲ್ಲಿ ಜ್ಯಾಮಾನಗಳನ್ನು ಪ್ರತಿಸಲ ಗಣಿಸದೆ ಮೊದಲೇ ಕೋಷ್ಟಕ ಮಾಡಿಟ್ಟುಕೊಳ್ಳುವುದು ಪ್ರೋಗ್ರಾಮು ಬರೆಯುವವರ ರೂಢಿ. ಆರ್ಯಭಟನು 225 ಕಲೆಗಳಿಗೆ ಒಂದರಂತೆ ಇಪ್ಪತ್ತನಾಲ್ಕು ಜ್ಯಾಗಳನ್ನು ಕೋಷ್ಟಕಕ್ಕೆ ಇಳಿಸಿದ್ದೂ ಇದೇ ಕಾರಣಕ್ಕಾಗಿ. ಪಂಚಾಂಗ ಬರೆಯುವವನಿಗೂ ಚಿಕ್ಕ ಕಂಪ್ಯೂಟರಿಗೂ ಬಡತನ ಒಂದೇ: ಬೇಕಾದಾಗಲೆಲ್ಲ ಮೊದಲಿನಿಂದ ಗಣಿಸುವಷ್ಟು ವೇಳೆಯಿಲ್ಲ.

ದೃಶ್ಯವನ್ನು ಬರೆದರೆ ಅರ್ಧ ಕೆಲಸವಾಯಿತು. ವಿಮಾನದ ಭಾರ, ರೆಕ್ಕೆಯ ಎತ್ತುಬಲ, ಇಂಜಿನಿನ ತಳ್ಳುಬಲ, ಗಾಳಿಯ ತಡೆ, ಈ ನಾಲ್ಕರ ಲೆಕ್ಕವನ್ನು ಪ್ರತಿ ಸೆಕೆಂಡಿನಲ್ಲಿಯೂ ಹಲವು ಬಾರಿ ಹೊಸದಾಗಿ ಹಾಕಬೇಕು. ಎತ್ತುಬಲವು ವೇಗದ ವರ್ಗದಂತೆ ಹೆಚ್ಚುತ್ತದೆ. ವೇಗವು ಅರ್ಧಕ್ಕೆ ಇಳಿದರೆ ಬಲವು ಕಾಲುಭಾಗಕ್ಕೆ ಕುಗ್ಗುತ್ತದೆ. ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನವು ಒಂದು ಮಿತಿಯನ್ನು ದಾಟಿದರೆ ಗಾಳಿಯು ರೆಕ್ಕೆಯನ್ನು ಬಿಟ್ಟು ಚದುರಿ ವಿಮಾನವು ಕಲ್ಲಿನಂತೆ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎಂದು ಹೆಸರು. ಹೊಸಬನಾದವನು ತಾನು ಕೆಳಗಿಳಿಯುತ್ತಿರುವುದನ್ನು ಕಂಡ ಕೂಡಲೆ ಭಯದಿಂದ ಮೂಗನ್ನು ಮೇಲಕ್ಕೆ ಎಳೆಯುತ್ತಾನೆ. ಎಳೆದಷ್ಟೂ ವೇಗ ಕುಂದುತ್ತದೆ, ಕುಂದಿದಷ್ಟೂ ಬೇಗ ಬೀಳುತ್ತಾನೆ. ಬದುಕಬೇಕಾದರೆ ಯಾವ ನೆಲಕ್ಕೆ ಅಂಜುತ್ತಿರುವನೋ ಆ ನೆಲದ ಕಡೆಗೇ ಮೂಗನ್ನು ತಗ್ಗಿಸಿ ವೇಗವನ್ನು ಮರಳಿ ಪಡೆಯಬೇಕು. ಇದನ್ನು ಬಾಯಿಂದ ನೂರು ಸಲ ಹೇಳಬಹುದು. ಕೈಗೆ ಬರಬೇಕಾದರೆ ಹತ್ತು ಸಲವಾದರೂ ಬೀಳಬೇಕು. ಆಕಾಶದಲ್ಲಿ ಬಿದ್ದವನಿಗೆ ಎರಡನೆಯ ಪಾಠವಿಲ್ಲ. ಆದಕಾರಣವೇ ನೆಲ ಬಿಡದ ವಿಮಾನವು ಬೇಕಾಯಿತು.

ಈ ಅವಶ್ಯಕತೆಯು ಕಂಪ್ಯೂಟರಿಗಿಂತ ಹಳೆಯದು. ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಆರ್ಗನ್ ವಾದ್ಯಗಳನ್ನು ಮಾಡುತ್ತಿದ್ದವನ ಮಗನಾದ ಎಡ್ವಿನ್ ಲಿಂಕ್ ಎಂಬವನು 1929ರ ಸುಮಾರಿಗೆ ತಂದೆಯ ಕಾರ್ಖಾನೆಯ ತಿದಿಗಳನ್ನೂ ಗಾಳಿಯ ಕೊಳವೆಗಳನ್ನೂ ಉಪಯೋಗಿಸಿ, ಒಬ್ಬನು ಕುಳಿತುಕೊಳ್ಳಬಹುದಾದ ಪುಟ್ಟ ಪೆಟ್ಟಿಗೆ-ವಿಮಾನವೊಂದನ್ನು ನಿರ್ಮಿಸಿದನು. ಅದು ವಾಲುತ್ತಿತ್ತು, ತಿರುಗುತ್ತಿತ್ತು, ಮೂಗೆತ್ತುತ್ತಿತ್ತು, ಹಾರುತ್ತಿರಲಿಲ್ಲ. ವಿಮಾನ ಶಾಲೆಗಳವರು ಅದನ್ನು ಕಡೆಗಣಿಸಿದ್ದರಿಂದ ಮೊದಮೊದಲು ಜಾತ್ರೆಯ ತೊಟ್ಟಿಲಿನಂತೆ ವಿನೋದೋದ್ಯಾನಗಳಿಗೆ ಅದು ಮಾರಾಟವಾಯಿತು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನದಂಚೆಯ ಹೊಣೆಯನ್ನು ವಹಿಸಿಕೊಂಡಿತು. ಮಂಜಿನಲ್ಲಿಯೂ ಕತ್ತಲೆಯಲ್ಲಿಯೂ ಮಾಪಕಗಳನ್ನೇ ನಂಬಿ ಹಾರುವ ಅಭ್ಯಾಸವಿಲ್ಲದ ಸೈನಿಕ ಚಾಲಕರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಮಡಿದರು. ಆಗ ಸೈನ್ಯದವರಿಗೆ ಲಿಂಕನ ಆಟಿಕೆಯ ನೆನಪಾಗಿ ಆರು ಪೆಟ್ಟಿಗೆಗಳನ್ನು ಕೊಂಡರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಚಾಲಕರ ಮೊದಲ ಗುರು ಆ ಪೆಟ್ಟಿಗೆಯೇ ಆಗಿತ್ತು.

ಆರ್ಟ್ವಿಕ್ ಮಾಡಿದ್ದು ಈ ಗುರುವನ್ನು ಮನೆಯ ಮೇಜಿನ ಮೇಲೆ ತಂದು ಕೂರಿಸಿದ ಕೆಲಸ. 1982ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆತನಿಂದ ಹಕ್ಕು ಪಡೆದು ಐ. ಬಿ. ಎಂ. ಯಂತ್ರಗಳಿಗೆ ಒಂದು ಆವೃತ್ತಿಯನ್ನು ಪ್ರಕಟಿಸಿತು. ಸಬ್‌ಲಾಜಿಕ್‌ನವರು 1983ರ ಕೊನೆಗೆ ‘ಫ್ಲೈಟ್ ಸಿಮ್ಯುಲೇಟರ್ 2’ ಎಂಬುದನ್ನು ಆಪಲ್ ಯಂತ್ರಕ್ಕೂ, ಮರುವರ್ಷ ಕಮೊಡೋರ್ 64ಕ್ಕೂ ತಂದರು. ಮೂವತ್ತಾರು ಚೌಕಗಳ ಭೂಮಿ ಹೋಗಿ ಶಿಕಾಗೊ, ನ್ಯೂಯಾರ್ಕ್, ಸಿಯಾಟಲ್, ಲಾಸ್ ಏಂಜಲಿಸ್ ಎಂಬ ನಾಲ್ಕು ನಿಜವಾದ ಪ್ರಾಂತಗಳೂ, ಅವುಗಳಲ್ಲಿನ ಸುಮಾರು ಎಂಬತ್ತು ವಿಮಾನ ನಿಲ್ದಾಣಗಳೂ ಬಂದವು. ಗಾಳಿಯ ದಿಕ್ಕು ವೇಗಗಳನ್ನೂ, ಮೋಡದ ಎತ್ತರವನ್ನೂ, ಹಗಲಿರುಳನ್ನೂ ಆಡುವವನೇ ಗೊತ್ತುಮಾಡಬಹುದಾಗಿತ್ತು. ದಿಕ್ಕು ತೋರುವ ರೇಡಿಯೋ ಸ್ತಂಭಗಳ ಸಂಜ್ಞೆಯನ್ನು ಹಿಡಿದು ದಾರಿ ಕಾಣುವುದನ್ನು ಅಲ್ಲಿ ಕಲಿಯಬಹುದಾಗಿತ್ತು. ಇಷ್ಟೇ ಅಲ್ಲದೆ, ಬೇಕೆಂದವರಿಗೆ ಯಂತ್ರದ ನಂಬಿಕೆಯ ಪ್ರಮಾಣವನ್ನು ತಗ್ಗಿಸುವ ಏರ್ಪಾಡೂ ಇತ್ತು. ತಗ್ಗಿಸಿದರೆ ಹಾರುತ್ತಿರುವಾಗಲೇ ಯಾವುದೋ ಒಂದು ಭಾಗ ಕೆಡುತ್ತಿತ್ತು. ಆಟವನ್ನು ಕೊಂಡವನಿಗೆ ತೊಂದರೆಯನ್ನೂ ಕೂಡಿಯೇ ಮಾರಿದ ವ್ಯಾಪಾರಿಗಳು ಬಹಳ ಮಂದಿಯಿರಲಾರರು. ಜೊತೆಗೆ ಬರುತ್ತಿದ್ದ ಕೈಪಿಡಿಯು ಪಾಠಪುಸ್ತಕದಂತಿತ್ತು. ಅದನ್ನು ಓದದೆ ಕೀಲಿಗಳನ್ನು ಒತ್ತಿದವನು ಬಹುಬೇಗ ಮಿಷಿಗನ್ ಸರೋವರದಲ್ಲಿ ಮುಳುಗುತ್ತಿದ್ದನು. ಏಕೆಂದರೆ ಹಲವು ಆವೃತ್ತಿಗಳಲ್ಲಿ ಹಾರಾಟದ ಆರಂಭವು ಆ ಸರೋವರದ ದಂಡೆಯ ಮೇಲಿರುವ ಶಿಕಾಗೊ ನಗರದ ಮೇಗ್ಸ್ ಫೀಲ್ಡ್ ಎಂಬ ಚಿಕ್ಕ ನಿಲ್ದಾಣದಿಂದಲೇ.

ಇದು ಕಲಿಸಿದ್ದರಲ್ಲಿ ಮುಖ್ಯವಾದದ್ದು ಯಾವುದು? ಮಾಪಕಗಳನ್ನು ಸರದಿಯಂತೆ ನೋಡುತ್ತಲೇ ಇರಬೇಕೆಂಬ ಶಿಸ್ತು. ಮೋಡದೊಳಗೆ ಹೊಕ್ಕವನ ಕಿವಿಯೊಳಗಣ ಸಮತೋಲದ ಇಂದ್ರಿಯವು ಅವನನ್ನು ವಂಚಿಸುತ್ತದೆ. ನಿಧಾನವಾಗಿ ತಿರುಗುತ್ತಿರುವಾಗಲೂ ನೆಟ್ಟಗಿದ್ದೇನೆಂದು ತೋರುತ್ತದೆ. ಆಗ ಪ್ರತ್ಯಕ್ಷವನ್ನು ಬಿಟ್ಟು ಸೂಜಿಯ ಮಾತನ್ನೇ ಪ್ರಮಾಣವೆಂದು ಹಿಡಿಯಬೇಕು. ಪ್ರತ್ಯಕ್ಷವು ದುಷ್ಟವಾಗಬಲ್ಲುದೆಂದು ನೈಯಾಯಿಕರು ಹಗ್ಗ-ಹಾವಿನ ದೃಷ್ಟಾಂತದಿಂದ ಹೇಳುತ್ತ ಬಂದುದನ್ನು ವಿಮಾನ ಚಾಲಕರು ಪ್ರಾಣವೊಡ್ಡಿ ಕಲಿತರು. ಕರ್ನಾಟಕದವರಿಗೆ ಇದು ದೂರದ ಮಾತಲ್ಲ. 1990ನೆಯ ಇಸವಿ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನವು ಬೆಂಗಳೂರಿನಲ್ಲಿ ಓಡುದಾರಿಗೆ ಸ್ವಲ್ಪ ಮುಂಚೆಯೇ ನೆಲಕ್ಕೆ ಬಡಿದು, ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಹಗಲು ಹೊತ್ತು, ಯಂತ್ರ ಹೊಚ್ಚ ಹೊಸದು. ಇಂಜಿನುಗಳು ಮಂದಗತಿಯಲ್ಲಿದ್ದು ವೇಗವು ಕುಗ್ಗುತ್ತ ಹೋಗುತ್ತಿದ್ದುದು ಸಕಾಲದಲ್ಲಿ ಗಮನಕ್ಕೆ ಬರಲಿಲ್ಲವೆಂದು ವಿಚಾರಣೆಯಲ್ಲಿ ಕಂಡುಬಂದಿತು. ಮಾಪಕವು ಹೇಳಬೇಕಾದುದನ್ನು ಹೇಳುತ್ತಲೇ ಇತ್ತು.

ಹಾಗೆಂದು ಅನುಕರಣವಿಮಾನಕ್ಕೆ ಇಲ್ಲದ ಗುಣಗಳನ್ನು ಆರೋಪಿಸಲಾಗದು. ಕೈಯ ಮೇಲೆ ಗಾಳಿಯ ಒತ್ತಡ ಅದರಲ್ಲಿ ಇಲ್ಲ, ಹೊಟ್ಟೆಯೊಳಗಿನ ತಲ್ಲಣವಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಭಯವಿಲ್ಲ. ಮನೆಯಲ್ಲಿ ಸಾವಿರ ಗಂಟೆ ಹಾರಿದರೂ ಪರವಾನಗಿಯ ಲೆಕ್ಕಕ್ಕೆ ಅದರಲ್ಲೊಂದು ಗಂಟೆಯೂ ಸೇರುವುದಿಲ್ಲ, ಸೇರದಿರುವುದೂ ಯುಕ್ತವೇ.

ಇಲ್ಲಿ ಕನ್ನಡನಾಡಿಗೇ ಸಂಬಂಧಪಟ್ಟ ಇನ್ನೊಂದು ನೆಲ ಬಿಡದ ವಿಮಾನದ ಪ್ರಸಂಗವನ್ನು ತೆಗೆದುಕೊಳ್ಳುವುದು ಅವಶ್ಯ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವನ್ನು ಬಾಯಿಂದ ಹೇಳಿ ಬರೆಯಿಸಿದರು. ಅದು ಭರದ್ವಾಜ ಮಹರ್ಷಿಗಳದೆಂದೂ ತಮಗೆ ಅಂತಃಸ್ಫುರಣೆಯಿಂದ ದೊರೆಯಿತೆಂದೂ ಅವರ ಹೇಳಿಕೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಚಿತ್ರಗಳನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರೊಬ್ಬರು ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಪ್ರಕಟಿಸಿದ ಮೇಲೆ ಅದರ ಹೆಸರು ದೇಶಾಂತರಗಳಿಗೂ ಹಬ್ಬಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಅದನ್ನು ಪರಿಶೀಲಿಸಿ ಒಂದು ಪ್ರಬಂಧವನ್ನು ಬರೆದರು. ಗ್ರಂಥದ ಸಂಸ್ಕೃತವು ವೈದಿಕವಲ್ಲ, ಈಚಿನದು. ಅದು 1904ಕ್ಕಿಂತ ಹಿಂದಿನದಾಗಿರಲಾರದು. ವರ್ಣಿತವಾದ ವಿಮಾನಗಳ ಆಕಾರ, ಭಾರ, ಬಲಗಳನ್ನು ಲೆಕ್ಕಕ್ಕೆ ಹಚ್ಚಿದರೆ ಅವುಗಳಲ್ಲಿ ಒಂದೂ ಹಾರತಕ್ಕದ್ದಲ್ಲ. ಇದು ಅವರು ಕಂಡುಕೊಂಡ ನಿರ್ಣಯ.

ಈ ನಿರ್ಣಯವನ್ನು ಸಂಸ್ಕೃತದ ಅವಮಾನವೆಂದು ಭಾವಿಸಿದವರುಂಟು. ಅದು ಸರಿಯಾದ ಭಾವನೆಯಲ್ಲ. ಶಾಸ್ತ್ರಿಗಳ ಪ್ರಾಮಾಣಿಕತೆಯನ್ನು ಶಂಕಿಸಬೇಕಾದ ಕಾರಣವಿಲ್ಲ. ಆದರೆ ಶ್ಲೋಕವು ಅನುಷ್ಟುಪ್ಪಿನಲ್ಲಿದೆ ಎಂದ ಮಾತ್ರಕ್ಕೆ ರೆಕ್ಕೆಗೆ ಎತ್ತುಬಲ ಬರುವುದಿಲ್ಲ. ಶಾಸ್ತ್ರವೆಂಬ ಪದದ ಮರ್ಯಾದೆ ಉಳಿಯಬೇಕಾದರೆ ಅದು ಪರೀಕ್ಷೆಗೆ ನಿಲ್ಲತಕ್ಕದ್ದಾಗಿರಬೇಕು. ಹನ್ನೊಂದನೆಯ ಶತಮಾನದ ಭೋಜರಾಜನು ‘ಸಮರಾಂಗಣ ಸೂತ್ರಧಾರ’ದ ಯಂತ್ರಪ್ರಕರಣದಲ್ಲಿ ಪಾದರಸದ ಬಲದಿಂದ ಏರುವ ಮರದ ಹಕ್ಕಿಯನ್ನು ವರ್ಣಿಸಿದ್ದಾನೆ, ರಚನೆಯ ವಿವರವನ್ನು ಮಾತ್ರ ಗೋಪ್ಯಕ್ಕಾಗಿ ಬಿಟ್ಟಿರುವುದಾಗಿ ಹೇಳುತ್ತಾನೆ. ಕವಿಹೃದಯದ ಅರಸನಿಗೆ ಅದು ಸಲ್ಲುತ್ತದೆ; ಕಲಿಯಬಂದ ಶಿಷ್ಯನಿಗೆ ಅದರಿಂದ ಏನೂ ದೊರೆಯದು. ಬೆಂಗಳೂರಿನ ಐವರು ಈ ಕಾಲ್ಪನಿಕ ವಿಮಾನಗಳನ್ನು ಲೆಕ್ಕದ ತಕ್ಕಡಿಯಲ್ಲಿಟ್ಟ ಮರುವರ್ಷವೇ ಇಲಿನಾಯಿನಲ್ಲಿ ಆರ್ಟ್ವಿಕನು ತನ್ನ ಪ್ರಬಂಧವನ್ನು ಒಪ್ಪಿಸಿದನು. ಅವನ ವಿಮಾನವೂ ಕಾಲ್ಪನಿಕವೇ. ಹಿಡಿದರೆ ಕೈಗೆ ಸಿಕ್ಕದು, ಪರದೆಯ ದೀಪವಾರಿದರೆ ಇಲ್ಲ. ಆದರೆ ಅದು ಭಾರವನ್ನು ಒಪ್ಪಿಕೊಂಡಿತ್ತು, ಗಾಳಿಯ ತಡೆಯನ್ನು ಒಪ್ಪಿಕೊಂಡಿತ್ತು, ತಪ್ಪು ಮಾಡಿದವನನ್ನು ತಪ್ಪದೆ ಬೀಳಿಸುತ್ತಿತ್ತು. ಯಾವ ಕಲ್ಪನೆಯ ವಿಮಾನವು ಬೀಳಲಾರದೋ ಅದರಿಂದ ಹಾರುವುದನ್ನೂ ಕಲಿಯಲಾಗದು.

ನಿಜವಾದ ವಿಮಾನಗಳ ಕಡೆಗೆ ನೋಡಿದರೂ ಕರ್ನಾಟಕದ ವಿಮಾನಚರಿತ್ರೆಯು ಕಲಿಕೆಯಿಂದಲೇ ಆರಂಭವಾಗುತ್ತದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಮರುವರ್ಷ ಜೋಡಣೆಯಾದ ಮೊದಲ ವಿಮಾನವಾದ ಹಾರ್ಲೋ ಶಿಕ್ಷಣಕ್ಕಾಗಿ ಇದ್ದದ್ದು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿಯೇ ರಚಿತವಾಗಿ 1951ರಲ್ಲಿ ಹಾರಿದ ಎಚ್. ಟಿ. 2 ಎಂಬುದೂ ಶಿಕ್ಷಣದ ವಿಮಾನವೇ. ಜಕ್ಕೂರಿನಲ್ಲಿ ಸರಕಾರಿ ವಿಮಾನ ಚಾಲನಾ ಶಾಲೆಯು 1948ರಿಂದ ಇದೆ. ಆದರೆ ವೃತ್ತಿಯ ಪರವಾನಗಿಗೆ ಇನ್ನೂರು ಗಂಟೆಗಳ ಹಾರಾಟ ಬೇಕು. ಅದಕ್ಕೆ ತಗಲುವ ಲಕ್ಷಗಟ್ಟಲೆ ಹಣವು ದೇವದುರ್ಗ ಮಾನ್ವಿಗಳ ಒಕ್ಕಲು ಮನೆಗಳಿಗೆ ಎಟುಕತಕ್ಕದ್ದಲ್ಲ. ಗೃಹಗಣಕವಾದರೂ ಬೇಗ ಎಟುಕಿತೇ ಎಂದರೆ ಅದೂ ಇಲ್ಲ. ಸುಂಕದ ಭಾರದಿಂದ ಅನ್ಯದೇಶದ ಯಂತ್ರಗಳು ದುಬಾರಿಯಾಗಿದ್ದವು. 1984ರಲ್ಲಿ ನೀತಿ ಸಡಿಲವಾಯಿತು. ಅದೇ ವರ್ಷ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯಂತೆ ಆಯ್ದ ಶಾಲೆಗಳಿಗೆ ಬಿ. ಬಿ. ಸಿ. ಮೈಕ್ರೋ ಎಂಬ ಇಂಗ್ಲೆಂಡಿನ ಕಂಪ್ಯೂಟರುಗಳನ್ನು ಕೊಡತೊಡಗಿತು. ಕೆಲಕಾಲದಲ್ಲಿ ಪುಣೆಯ ಡೆಸಿಬೆಲ್ಸ್ ಸಂಸ್ಥೆಯವರು ಸಿಂಕ್ಲೇರ್ ಕಂಪೆನಿಯ ಸ್ಪೆಕ್ಟ್ರಮ್ ಯಂತ್ರವನ್ನು ಇಲ್ಲಿಯೇ ತಯಾರಿಸಿ ಮಾರಿದರು.

ಆ ಸ್ಪೆಕ್ಟ್ರಮ್ಮಿಗೂ ಒಂದು ಅನುಕರಣವಿಮಾನವಿದ್ದಿತು. ಇಂಗ್ಲೆಂಡಿನ ಸೈಯನ್ ಸಂಸ್ಥೆಯವರ ‘ಫ್ಲೈಟ್ ಸಿಮ್ಯುಲೇಷನ್’ ಎಂಬುದೇ ಅದು. ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟನ್ನಿಟ್ಟು ಕೆಲವು ನಿಮಿಷ ಕರ್ಕಶವಾದ ಶಬ್ದವನ್ನು ಸಹಿಸಿದ ಮೇಲೆ ವಿಮಾನವು ಸಿದ್ಧವಾಗುತ್ತಿತ್ತು. ನಕ್ಷೆಯಲ್ಲಿ ಎರಡು ಓಡುದಾರಿಗಳು, ಕೆಲವು ಕೆರೆಗಳು, ಒಂದಿಷ್ಟು ಗುಡ್ಡ. ಯಾವ ದೇಶದ್ದೂ ಅಲ್ಲದ ನೆಲ. ಅಮೆರಿಕದ ಆಟದಲ್ಲಿ ನಾಲ್ಕು ಪ್ರಾಂತಗಳಿದ್ದವೆಂದರೂ ಎಲ್ಲವೂ ಅವರವೇ. ಆ ನಾಲ್ಕನ್ನು ದಾಟಿ ಹೋದವನಿಗೆ ಖಾಲಿ ಬಯಲು ಸಿಕ್ಕುತ್ತಿತ್ತು. ಭಾರತವೆಲ್ಲವೂ ಆ ಖಾಲಿಯಲ್ಲಿ ಅಡಗಿತ್ತು. ಹಾರುವ ವಿದ್ಯೆಯನ್ನು ಅಲ್ಲಿ ಕಲಿಯಬಹುದಿತ್ತು, ತನ್ನ ಊರನ್ನು ಮೇಲಿನಿಂದ ನೋಡುವ ಆಸೆಯನ್ನು ಮಾತ್ರ ಮನಸ್ಸಿನಲ್ಲಿಯೇ ಇಟ್ಟುಕೊಳ್ಳಬೇಕಾಗಿತ್ತು.

ನಕ್ಷೆಯು ಬೆಳೆದದ್ದು ಮೆಲ್ಲಮೆಲ್ಲನೆ. 1995ರಲ್ಲಿ ಆರ್ಟ್ವಿಕನ ಸಂಸ್ಥೆಯನ್ನು ಮೈಕ್ರೋಸಾಫ್ಟಿನವರು ಕೊಂಡರು. 1999ರಲ್ಲಿ ಬಂದ ಆವೃತ್ತಿಯಲ್ಲಿ ಲೋಕದ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಿಮಾನ ನಿಲ್ದಾಣಗಳಿದ್ದವು. 2020ರ ಆಗಸ್ಟಿನಲ್ಲಿ ಪ್ರಕಟವಾದ ಆವೃತ್ತಿಯು ಉಪಗ್ರಹಗಳಿಂದ ತೆಗೆದ ಚಿತ್ರಗಳನ್ನು ಹಾಸಿ ಭೂಗೋಳವನ್ನೆಲ್ಲ ಒಳಗೊಂಡಿತು. ಈ ನಡುವೆ ಒಂದು ವಿಪರ್ಯಾಸವೂ ನಡೆಯಿತು. 2003ರ ಮಾರ್ಚ್ 30ರ ರಾತ್ರಿ ಶಿಕಾಗೊದ ಮೇಯರ ರಿಚರ್ಡ್ ಡೇಲಿಯ ಅಪ್ಪಣೆಯಂತೆ ಯಂತ್ರಗಳು ಬಂದು ಮೇಗ್ಸ್ ಫೀಲ್ಡಿನ ಓಡುದಾರಿಯನ್ನು ಅಡ್ಡಡ್ಡವಾಗಿ ಅಗೆದು ಹಾಕಿದವು. ಲಕ್ಷಾಂತರ ಜನರು ಮೊದಲ ಬಾರಿ ಏರಿದ ಆ ನಿಲ್ದಾಣವು ನೆಲದ ಮೇಲೆ ಇಲ್ಲವಾಗಿ, ಹಳೆಯ ತಟ್ಟೆಗಳಲ್ಲಿ ಗೆರೆಗಳಾಗಿ ಉಳಿದಿದೆ. ರಾಯಚೂರಿನ ಕಥೆ ಇದಕ್ಕೆ ತಿರುವುಮುರುವು: ನಡೆಯುವ ವಿಮಾನ ನಿಲ್ದಾಣವೊಂದು ಊರಿಗೆ ಬರುವ ಮೊದಲೇ ಊರು ಆಕಾಶದ ನಕ್ಷೆಗೆ ಬಂದಿತು.

ಆ ನಕ್ಷೆಯಲ್ಲಿ ಹುಡುಗನೊಬ್ಬನು ರಾಯಚೂರಿನಿಂದ ದೇವದುರ್ಗಕ್ಕೆ, ಅಲ್ಲಿಂದ ಮಾನ್ವಿಗೆ, ಮಾನ್ವಿಯಿಂದ ಮರಳಿ ರಾಯಚೂರಿಗೆ ಹಾರಬೇಕೆಂದು ಎಣಿಸಿದನೆನ್ನೋಣ. ಬೇಕಾದ ಸ್ಥಳದಲ್ಲಿ ಆಕಾಶದಲ್ಲಿಯೇ ಆರಂಭಿಸುವ ಅನುಕೂಲ ಈ ಆವೃತ್ತಿಯಲ್ಲುಂಟು. ನಾಲ್ಕು ಜನರು ಕೂರುವ ಸೆಸ್ನಾ ವಿಮಾನ, ಗಂಟೆಗೆ ಸುಮಾರು 200 ಕಿಲೋಮೀಟರಿನ ವೇಗ. ದೇವದುರ್ಗವು ನೇರವಾಗಿ 51 ಕಿಲೋಮೀಟರು. ದಿಕ್ಕು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 28 ಅಂಶ. ಗಾಳಿಯಿಲ್ಲದಿದ್ದರೆ ಹದಿನೈದು ನಿಮಿಷದ ದಾರಿ. ಆದರೆ ಮುಂಗಾರಿನ ದಿನ. ಪಶ್ಚಿಮ ನೈಋತ್ಯದಿಂದ ಗಂಟೆಗೆ 30 ಕಿಲೋಮೀಟರಿನ ಗಾಳಿ ಬೀಸುತ್ತಿದೆ. ಹುಡುಗನು ಗಾಳಿಯನ್ನು ಲೆಕ್ಕಿಸದೆ ಮೂಗನ್ನು ದೇವದುರ್ಗದ ಕಡೆಗೇ ಹಿಡಿದರೆ ಹದಿನೇಳು ನಿಮಿಷಗಳ ಬಳಿಕ ಕೆಳಗೆ ದೇವದುರ್ಗವಿರುವುದಿಲ್ಲ. ಅವನು ಆರೇಳು ಕಿಲೋಮೀಟರು ಕೃಷ್ಣೆಯ ಕಡೆಗೆ ಸರಿದುಹೋಗಿರುತ್ತಾನೆ. ಮೂಗನ್ನು ಏಳು ಅಂಶ ಎಡಕ್ಕೆ ಹಿಡಿದು, ಓರೆಯಾಗಿ ನೋಡುತ್ತ ನೇರವಾಗಿ ಹೋಗುವುದನ್ನು ಅವನು ಕಲಿಯಬೇಕು. ತ್ರಿಕೋನಮಿತಿಯ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿದರೆ ಆಕಳಿಸುವ ಹುಡುಗನು, ಊರು ತಪ್ಪಿದಾಗ ತಾನಾಗಿ ಕಾಗದ ಪೆನ್ಸಿಲುಗಳನ್ನು ಹುಡುಕುತ್ತಾನೆ.

ಹೊರಟ ಸ್ವಲ್ಪ ಹೊತ್ತಿಗೆ ಬಲಗಡೆ ಹಿಂದಕ್ಕೆ ಶಕ್ತಿನಗರದ ವಿದ್ಯುತ್ ಕೇಂದ್ರದ ಚಿಮಣಿಗಳು, ಅವಕ್ಕೆ ಆಚೆ ಭೀಮೆಯು ಕೃಷ್ಣೆಯನ್ನು ಕೂಡುವ ಸಂಗಮ. ಬಲಕ್ಕೆ ಕೃಷ್ಣೆಯ ಬೆಳ್ಳನೆಯ ಮರಳು ಜೊತೆಗೆ ಬರುತ್ತದೆ. ದೇವದುರ್ಗದ ಮೇಲೆ ಎಡಕ್ಕೆ ಹೊರಳಿ ದಕ್ಷಿಣ-ಆಗ್ನೇಯಕ್ಕೆ ತಿರುಗಿದರೆ ಮಾನ್ವಿಯು 50 ಕಿಲೋಮೀಟರು. ಗಾಳಿಯು ಈಗ ಬಲಗಡೆಯಿಂದ ಅಡ್ಡಲಾಗಿ ಬೀಳುತ್ತದೆ. ನಾರಾಯಣಪುರದ ಬಲದಂಡೆಯ ಕಾಲುವೆಯ ನೀರು ಕಂಡ ಹೊಲಗಳು, ಕಾಣದ ಹೊಲಗಳು, ಬಂಡೆಗಲ್ಲಿನ ದಿಬ್ಬಗಳು, ಬಳಿಕ ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಹಸುರಾದ ಮಾನ್ವಿಯ ಭತ್ತದ ಗದ್ದೆಗಳು. ನೀರಿನ ಸರದಿಗಾಗಿ ಕೆಳಗೆ ನಡೆಯುವ ಜಗಳವೆಲ್ಲ ಮೇಲಿನಿಂದ ಎರಡು ಬಣ್ಣಗಳ ನಡುವಣ ಒಂದು ಗೆರೆಯಾಗಿ ಕಾಣುತ್ತದೆ. ಎರಡು ನದಿಗಳ ನಡುವಣ ಈ ಪ್ರದೇಶಕ್ಕಾಗಿ ವಿಜಯನಗರದ ಅರಸರು ಬಹಮನಿಗಳೊಡನೆಯೂ, 1520ರಲ್ಲಿ ಬಿಜಾಪುರದೊಡನೆಯೂ ಕಾದಿದ್ದು ಏಕೆಂಬುದನ್ನು ಚರಿತ್ರೆಯ ಪಾಠದಲ್ಲಿ ಓದುವುದು ಬೇರೆ, ಎರಡೂ ನೀರುಗಳನ್ನು ಒಂದೇ ಅರ್ಧ ಗಂಟೆಯಲ್ಲಿ ಕಾಣುವುದು ಬೇರೆ. ಲೆಕ್ಕ ತಪ್ಪಿ ಮಾನ್ವಿಯನ್ನು ದಾಟಿ ಹೋದವನಿಗೆ ಮುಂದೆ ತುಂಗಭದ್ರೆಯು ಅಡ್ಡಬಂದು ತಪ್ಪನ್ನು ತಿಳಿಸುತ್ತದೆ.

ಮಾನ್ವಿಯಿಂದ ಈಶಾನ್ಯಕ್ಕೆ ರಾಯಚೂರು 40 ಕಿಲೋಮೀಟರು. ಗಾಳಿಯು ಬೆನ್ನಿಗಿರುವುದರಿಂದ ಹತ್ತು ಹನ್ನೊಂದು ನಿಮಿಷಗಳಲ್ಲಿ ಕೋಟೆಯ ಬೆಟ್ಟ ಎದುರಿಗೆ ಬರುತ್ತದೆ. ಆದರೆ ಇಳಿಯಲು ಅಲ್ಲಿ ಓಡುದಾರಿಯಿಲ್ಲ. ಯರಮರಸಿನಲ್ಲಿ ನಿಲ್ದಾಣಕ್ಕೆ ನೆಲ ಗೊತ್ತಾಗಿದ್ದರೂ 2020ರ ಆ ನಕ್ಷೆಯವನಿಗೆ ಅದರಿಂದ ಪ್ರಯೋಜನವಿಲ್ಲ. ಹುಡುಗನು ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲನ್ನು ನೋಡಿಕೊಂಡು, ಉತ್ತರಕ್ಕೆ ತಿರುಗಿ, ಕೃಷ್ಣೆಯನ್ನು ದಾಟಿ, 2019ರ ನವೆಂಬರಿನಲ್ಲಿ ಪ್ರಯಾಣಿಕರಿಗೆ ತೆರೆದ ಕಲಬುರಗಿಯ ನಿಲ್ದಾಣದವರೆಗೆ ಇನ್ನೂ 130 ಕಿಲೋಮೀಟರು, ಸುಮಾರು ನಲವತ್ತು ನಿಮಿಷ, ಹಾರಬೇಕಾಗುತ್ತದೆ.